ಚನ್ನೇಶನ ಎದೆಗೆ ಬಿದ್ದ ಗುದ್ದು

ಹಾವೇರಿಯಲ್ಲಿ ಕರಾಟೆ ಪರೀಕ್ಷೆ ನಡೆಸಿದ ಆ ಕನ್ನಡಕದ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎಂಟು ವರ್ಷದ ಬೇನಜೀರಳಿಗೆ ಹಳದಿ ಬೆಲ್ಟು ಕೊಟ್ಟ. ಒಂಬತ್ತು ವರ್ಷದ ಶಿಲ್ಪಾಳಿಗೆ ಕೊಟ್ಟ. ಪರೀಕ್ಷೆಯ ನಡುವೆ ಎರಡು ಸಲ ಉಚ್ಚೆಗೆ ಹೋಗಿಬಂದ ಹುಡುಗನಿಗೂ ಕೊಟ್ಟ. ಅವರೆಲ್ಲರಿಗಿಂತ ಗಟ್ಟಿಯಾಗಿ ಗುದ್ದಿದ ನಲವತ್ತೇಳು ವರ್ಷದ ನನಗೆ ಕೊಡಲಿಲ್ಲ. ನನ್ನ ಹೆಸರಿನ ಮುಂದೆ ‘ಶಿಸ್ತು ಸಾಲದು’ ಎಂದು ಬರೆದ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು, ಆದರೂ ಅಷ್ಟು ಓದಲು ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತಾರು ವರ್ಷ ಚೀಲ ಹೊತ್ತವನಿಗೆ, ಒಂದು ದಿನವೂ ತಡವಾಗಿ ಗೇಟಿಗೆ ಬಾರದವನಿಗೆ ಶಿಸ್ತು ಸಾಲದಂತೆ.

ಅಲ್ಲಿ ಏನಾಯಿತು ಎಂದು ಹೇಳಬೇಕಾದರೆ, ನಾನು ಆ ವಯಸ್ಸಿನಲ್ಲಿ ಕರಾಟೆಗೆ ಯಾಕೆ ಸೇರಿದೆ ಎಂಬುದನ್ನು ಮೊದಲು ಹೇಳಬೇಕು.

ನಾನು ಬಿಲ್ಲೆ ಇರುವ ಹಮಾಲ. ತೋಳಿಗೆ ಕಟ್ಟಿಕೊಳ್ಳುವ ಹಿತ್ತಾಳೆ ಬಿಲ್ಲೆ, ಅದರ ಮೇಲೆ ನಂಬರು. ಅದು ಇಲ್ಲದವನ ಬೆನ್ನ ಮೇಲೆ ಪೇಟೆಯಲ್ಲಿ ಯಾರೂ ಚೀಲ ಇಡುವುದಿಲ್ಲ. ನನಗೆ ಬರುವ ಕೆಲಸ ಅದೊಂದೇ. ನನಗೆ ಇರುವ ರೋಗವೂ ಒಂದೇ, ಸಿಟ್ಟು. ಅಷ್ಟೊತ್ತಿಗೆ ಪೇಟೆಯೊಳಗೆ ಮೂರು ಸಲ ಕೈ ಮಾಡಿದ್ದೆ. ಮೂರನೆಯವನು ಚನ್ನೇಶ, ಒಂದು ದಲಾಲಿ ಅಂಗಡಿಯ ಗುಮಾಸ್ತ. ನಾನು ಬೇಕಂತಲೇ ಚೀಲ ಎತ್ತುವ ಕಬ್ಬಿಣದ ಹುಕ್ಕು ಹಾಕಿ ಚೀಲ ಹರಿದೆ ಎಂದ. ಹರಿದ ಚೀಲ ಹಾಗೇ ಇತ್ತು, ಅವನ ಅಂಗಿ ಹರಿಯಿತು.

ಹಮಾಲರ ಸಂಘದ ಅಧ್ಯಕ್ಷರು ಕರೆಸಿದರು. “ಗಿರಿಯಪ್ಪ, ಇದು ಮೂರನೇ ಸಲ. ಇನ್ನ ಗೇಟಿನ ಒಳಗ ಸಿಟ್ಟೀಲೆ ನಿನ್ನ ಕೈ ಯಾರ ಮೈಮ್ಯಾಲ ಬಿದ್ರೂ ಬಿಲ್ಲೆ ಈ ಟೇಬಲ್ ಮ್ಯಾಲ ಇಟ್ಟು ಹೋಗೂದು. ನಾಕನೇ ಸಲ ಇಲ್ಲ.”

ಮನೆಗೆ ಬಂದು ಹೆಂಡತಿ ಪ್ರೇಮವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು, “ಬಿಲ್ಲೆ ಹೋದ್ರ ನಾ ನಿಮ್ಮನ್ನ ಏನ್ ಮಾಡ್ಲಿ? ದಿನಾ ಕುಂದ್ರಿಸಿ ನೋಡಾಕ ನೀವೇನು ಟಿವಿ ಅದೀರೇನು?”

ದಾರಿ ತೋರಿಸಿದವನು ಫಕ್ಕೀರಸಾಬ. ಪೇಟೆಯಲ್ಲಿ ದಬ್ಬಣ, ಸುತಳಿ ಹಿಡಿದು ಚೀಲದ ಬಾಯಿ ಹೊಲಿಯುವ ಮನುಷ್ಯ. ನಾನು ಅವನಿಗೆ ಮಾಮು ಅನ್ನುತ್ತೇನೆ.

“ನನ್ನ ಮಗಳ ಕರಾಟೆ ಕ್ಲಾಸಿಗೆ ಬಾರೋ ಗಿರಿಯಾ,” ಎಂದ.

“ಮಾಮು, ಹೊಡಿಯೂದು ನನಗ ಬರ್ತೈತಿ. ಬಂದದ್ದಕ್ಕ ಬಿಲ್ಲೆ ಹೋಗಾಕತ್ತೈತಿ.”

“ನಿನಗ ಎಲ್ಲಿ ಬರ್ತೈತಿ? ನೀ ಹೊಡಿಯಂಗಿಲ್ಲ, ಮೈಮ್ಯಾಲ ಬೀಳ್ತಿ. ಎಮ್ಮಿನೂ ಬೀಳ್ತೈತಿ.”

ಬೇರೆ ಯಾರಾದರೂ ಅಂದಿದ್ದರೆ ನಾಲ್ಕನೇ ಸಲ ಅಲ್ಲೇ ಆಗುತ್ತಿತ್ತು.

ಅವನ ಮಗಳು ತಬಸ್ಸುಮ್. ನಾನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಹುಡುಗಿ. ಕಾಲೇಜಿಗೆ ಹೋಗುವಾಗ ರಾಣೆಬೆನ್ನೂರಿನಲ್ಲಿ ಹೊಲಿಗೆ ಕಲಿಯುತ್ತೇನೆಂದು ಹೇಳಿ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದಳು. ಎರಡು ವರ್ಷವಾದರೂ ತಾಯಿ ಹಸೀನಾಬಿಗೆ ಒಂದು ಜಂಪರ್ ಹೊಲಿದು ಕೊಡಲಿಲ್ಲ. ಕೊಟ್ಟ ಬಟ್ಟೆ ಕೊಟ್ಟ ಹಾಗೇ ಇತ್ತು. ಒಂದು ದಿನ ಬಸ್ಸಿನಲ್ಲಿ ಯಾವನೋ ಮೈಗೆ ಮೈ ತಾಗಿಸಿ ನಿಂತನಂತೆ. ಮೋಟೆಬೆನ್ನೂರ ಕ್ರಾಸಿನಲ್ಲಿ ಅವನು ಕೈಯನ್ನು ಬೆನ್ನ ಹಿಂದೆ ಮಡಚಿಸಿಕೊಂಡು, ಅಳುತ್ತಾ ಇಳಿದ. ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹಸೀನಾಬಿ ಒಂದು ದಿನ ಅತ್ತಳು. ಮರುದಿನ ಜಂಪರಿನ ಬಟ್ಟೆ ದರ್ಜಿಗೆ ಕೊಟ್ಟು ಬಂದು, “ಹೊಲಿಗಿ ಅಂತೂ ಬರ್ಲಿಲ್ಲ, ಬಂದದ್ದನ್ನರ ನಾಕು ಮಂದಿಗೆ ಕಲಸು,” ಎಂದಳು. ಹಾಗೆ ಸಾಲಿಯ ತಗಡಿನ ಶೆಡ್ಡಿನಲ್ಲಿ ಸಂಜೆಯ ಕ್ಲಾಸು ಶುರುವಾಯಿತು.

ನಾನು ಸೇರಿದಾಗ ಅಲ್ಲಿ ಹನ್ನೆರಡು ಮಕ್ಕಳಿದ್ದರು. ಅತಿ ದೊಡ್ಡವಳಿಗೆ ಹದಿಮೂರು. ಮೊದಲ ದಿನವೇ ಬೇನಜೀರ, “ಮೇಡಂ, ಅಜ್ಜ ತಪ್ಪಿ ಬಂದಾರ,” ಎಂದಳು.

“ಅಜ್ಜ ಅಲ್ಲ, ಕಾಕಾ. ಕಲಿಯಾಕ ಬಂದಾರ,” ಎಂದಳು ತಬಸ್ಸುಮ್. ಆಮೇಲೆ ನನ್ನ ಕಡೆ ತಿರುಗಿ, “ಗಿರಿಯಪ್ಪ ಕಾಕಾ, ಒಳಗಿದ್ದಾಗ ನಾ ಮೇಡಂ. ಹೊರಗ ಹೋದ ಮ್ಯಾಲ ನೀವು ಏನರ ಕರೀರಿ,” ಎಂದಳು.

ನನ್ನ ಅಳತೆಯ ಬಿಳಿ ಡ್ರೆಸ್ಸು ಅಂಗಡಿಯಲ್ಲಿ ಸಿಗಲಿಲ್ಲ. ಪ್ರೇಮವ್ವ ಎರಡು ದುಪ್ಪಟಿ ಕೂಡಿಸಿ ಹೊಲಿಸಿದಳು. ಒಗೆದು ಮಾಳಿಗೆಯ ಮೇಲೆ ಒಣ ಹಾಕಿದಳು, ಪಕ್ಕದಲ್ಲೇ ಮೆಣಸಿನಕಾಯಿ ಹರವಿತ್ತು. ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಬಹಳ. ಡ್ರೆಸ್ಸು ಗುಲಾಬಿ ಬಣ್ಣಕ್ಕೆ ತಿರುಗಿತು. ನಾನು ತೋಳು ಬೀಸಿದಾಗಲೆಲ್ಲ ಮುಂದಿನ ಸಾಲಿನ ಮಕ್ಕಳು ಸೀನುತ್ತಿದ್ದರು. ನನಗೆ ಘಾಟು ಹತ್ತುವುದಿಲ್ಲ, ಹತ್ತಿದರೆ ಹಮಾಲಿ ಮಾಡಲಿಕ್ಕಾಗುವುದಿಲ್ಲ.

ಕಲಿಯುವುದು ಸುಲಭವಿರಲಿಲ್ಲ. ಕೈ ಕಾಲು ಹೇಳಿದ ಮಾತು ಕೇಳುತ್ತಿದ್ದವು, ರೂಢಿ ಕೇಳುತ್ತಿರಲಿಲ್ಲ. ಗುದ್ದುವಾಗ ಹೊಟ್ಟೆಯಿಂದ ಕೂಗಬೇಕು ಎಂದಳು ತಬಸ್ಸುಮ್. ನನ್ನ ಹೊಟ್ಟೆಯಿಂದ ಬರುವ ಕೂಗು ಒಂದೇ. ಚೀಲ ಹೊತ್ತು ಓಡುವಾಗ ಮಂದಿ ಸರಿಯಲಿ ಎಂದು ಕೂಗುತ್ತೇವಲ್ಲ, “ಬಾಜೂ ಸರೀ” ಎಂದು, ಅದು. ಪ್ರತಿ ಗುದ್ದಿಗೂ ಅದೇ ಬಂತು. ಹೆದರಿ ಮಕ್ಕಳು ನಿಜವಾಗಿಯೂ ಬಾಜೂ ಸರಿದರು. ಎಣಿಸುವಾಗ ಜಪಾನಿ ಮಾತಿನಲ್ಲಿ ಇಚಿ, ನಿ, ಸಾನ್ ಅನ್ನಬೇಕು. ನಾವು ಪೇಟೆಯಲ್ಲಿ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಎರಡು ವಾರದಲ್ಲಿ ಹನ್ನೆರಡೂ ಮಕ್ಕಳು “ಲಾಭ, ನಿ, ಸಾನ್” ಎಂದು ಗುದ್ದತೊಡಗಿದವು.

ಎಲ್ಲಕ್ಕಿಂತ ಕಷ್ಟವಾದದ್ದು ನಮಸ್ಕಾರ.

“ಹೊಡಿಯೂಕಿಂತ ಮೊದಲ ಎದುರಿಗೆ ಇದ್ದವರಿಗೆ ಬಗ್ಗಬೇಕು ಕಾಕಾ,” ಎಂದಳು ತಬಸ್ಸುಮ್. “ಬಗ್ಗದ ಹೊಡದ್ರ ಅದು ಜಗಳ ಆಕ್ಕೈತಿ. ಸಿಟ್ಟು ಬಂದ್ರೂ ಮೊದಲ ಬಗ್ರಿ. ಬಗ್ಗಿ ಏಳೂದ್ರಾಗ ಅರ್ಧ ಇಳದಿರತೈತಿ.”

ಹಮಾಲ ಸೊಂಟ ಬಗ್ಗಿಸಿದನೆಂದರೆ ಅದಕ್ಕೆ ಅರ್ಥ ಒಂದೇ, ಚೀಲ ಇಡು. ಬಗ್ಗಿದ ಕೂಡಲೇ ನನ್ನ ಕೈಗಳು ತಾವಾಗಿಯೇ ಬೆನ್ನ ಮೇಲೆ ಹೋಗಿ ಕೂಡುತ್ತಿದ್ದವು. ಮಕ್ಕಳಿಗೆ ಅದು ಗೊತ್ತಾಯಿತು. ನಾನು ಬಗ್ಗಿದರೆ ಸಾಕು, ಬೇನಜೀರ ಓಡಿಬಂದು ಬೆನ್ನೇರುತ್ತಿದ್ದಳು. ನಾನೂ ರೂಢಿಯಂತೆ ಶೆಡ್ಡಿನ ಆ ಮೂಲೆಗೆ ಒಯ್ದು ಇಳಿಸಿ ಬರುತ್ತಿದ್ದೆ.

ಹಾವೇರಿಯಲ್ಲಿ ಆದದ್ದೂ ಇಷ್ಟೇ. ಪರೀಕ್ಷೆಯ ಮನುಷ್ಯನ ಮುಂದೆ ಬಗ್ಗಿದೆ. ಬೇನಜೀರ ಹತ್ತಿದಳು. ನಾನು ಒಯ್ದು ಗೋಡೆಯ ಹತ್ತಿರ ಇಳಿಸಿ, ತಿರುಗಿ ಬಂದು ನಿಂತೆ. ಆ ಮನುಷ್ಯ ಏನೋ ಹೇಳಲು ಬಾಯಿ ತೆರೆದ, ಸೀನಿದ. ಮತ್ತೆ ತೆರೆದ, ಮತ್ತೆ ಸೀನಿದ. ಐದು ಸಲ. ಕನ್ನಡಕ ಬಿತ್ತು. ಆಮೇಲೆ ಶಿಸ್ತಿನ ಮಾತು ಬರೆದ. ಹತ್ತಿದವಳಿಗೆ ಬೆಲ್ಟು, ಹೊತ್ತವನಿಗೆ ಇಲ್ಲ.

ಆದರೂ ಕ್ಲಾಸು ಬಿಡಲಿಲ್ಲ. ಲಾಭ ಆಗಿತ್ತು, ಸುಳ್ಳು ಹೇಳಬಾರದು. ಚಳಿಗಾಲದಲ್ಲಿ ಹಿಡಿಯುತ್ತಿದ್ದ ಮೊಣಕಾಲು ಬಿಟ್ಟಿತು. ಹಾಸಿಗೆಗೆ ತಲೆ ಕೊಟ್ಟರೆ ಬೆಳಗಾಗುತ್ತಿತ್ತು. ಉಸಿರು ಹಿಡಿದು ಬಿಡುವುದು ಕಲಿತ ಮೇಲೆ ಚೀಲ ಹಗುರಾದಂತೆ ಅನ್ನಿಸಿತು. ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನ ನಾನು ತಾಟು ಸರಿಸದೆ ಪ್ರೇಮವ್ವನಿಗೆ ಬಗ್ಗಿ ನಮಸ್ಕಾರ ಮಾಡಿದೆ. ಅವಳು ಗಾಬರಿಯಾಗಿ ತನ್ನ ಅಣ್ಣನಿಗೆ ಫೋನು ಹಚ್ಚಿದಳು.

ಜನವರಿಯಲ್ಲಿ ಸುಗ್ಗಿ. ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲಿ ನೋಡಿದರೂ ಕೆಂಪು. ಚನ್ನೇಶನ ಅಂಗಡಿಯ ಮಾಲು ನಮ್ಮ ಗುಂಪಿಗೇ ಬಂತು. ಸಂಘದ ಮಾತು ಅವನಿಗೆ ಗೊತ್ತಿತ್ತು. ನನ್ನ ಕೈ ಏಳುವ ಹಾಗಿಲ್ಲ ಎಂಬ ಧೈರ್ಯದಲ್ಲಿ ನಾಲಿಗೆಯನ್ನು ಪೂರಾ ಬಿಟ್ಟ.

“ಏ ಗಿರಿಯಾ, ಚೀಲ ಹೊರಾಕತ್ತೀಯೋ, ಚೀಲಕ್ಕ ಜೋಗುಳ ಹಾಡಾಕತ್ತೀಯೋ?”

ನನಗೆ ಸಿಟ್ಟು ನೆತ್ತಿಗೇರಿತು. ಹೇಳಿಕೊಟ್ಟಂತೆ ಅವನ ಮುಂದೆ ಬಗ್ಗಿದೆ. ಹಿಂದೆ ನನ್ನ ಜೋಡಿ ಹಮಾಲ ಅಜೀಮ ನಿಂತಿದ್ದ. ಹಮಾಲ ಬಗ್ಗಿದ್ದನ್ನು ಕಂಡು ಬೆನ್ನ ಮೇಲೆ ಚೀಲ ಹಾಕಿದ. ಬೆನ್ನ ಮೇಲೆ ಬಿದ್ದ ಮೇಲೆ ಹೊರಲೇಬೇಕು. ಗೋದಾಮಿಗೆ ಒಯ್ದು ಹಾಕಿ ಬರುವುದರೊಳಗೆ ಸಿಟ್ಟು ಅಲ್ಲೇ ಎಲ್ಲೋ ಉಳಿಯಿತು. ಚನ್ನೇಶ ಮತ್ತೊಂದು ಅಂದ. ಮತ್ತೆ ಬಗ್ಗಿದೆ. ಮತ್ತೊಂದು ಚೀಲ.

ಸಂಜೆ ಅಜೀಮ ಬೆವರು ಒರೆಸಿಕೊಳ್ಳುತ್ತಾ, “ಗಿರಿಯಪ್ಪಣ್ಣ, ಇವತ್ತ ಇಬ್ಬರದೂ ನೀನ ಹೊತ್ತೀಯಪಾ. ಆ ಗುಮಾಸ್ತಗ ನಾಳೆನೂ ಬೈ ಅಂತ ಹೇಳ್ಲೇನು?” ಎಂದ.

ಹೀಗೆ ಮೂರು ವಾರ ನಡೆಯಿತು. ಬಿಲ್ಲೆ ಉಳಿಯಿತು ಎಂದೇ ತಿಳಿದೆ.

ನಾಲ್ಕನೇ ವಾರ ಒಂದು ಮಧ್ಯಾಹ್ನ. ಒಂದರ ಮೇಲೊಂದು ಏರಿಸಿದ ಚೀಲದ ನಿಟ್ಟು ಗೋಡೆಯಷ್ಟು ಎತ್ತರವಾಗಿತ್ತು. ಅದರ ಬದಿಗೆ ನಿಂತು, ಕಾಯಿಯ ರಾಶಿಗೆ ಬೆನ್ನು ಮಾಡಿ ಚನ್ನೇಶ ಚೀಟಿ ಬರೆಯುತ್ತಿದ್ದ. ನಾನು ಎದುರಿಗೆ ನಿಂತಿದ್ದೆ. ಅವನು ತಲೆ ಎತ್ತದೆ ಹೇಳಿದ:

“ಏನೋ ಗಿರಿಯಾ, ಆ ಚೀಲ ಹೊಲಿಯೋನ ಮಗಳ ಮುಂದ ದಿನಾ ಬಗ್ತೀಯಂತ. ಆಕಿ ಕುಣಿಸಿದಂಗ ಕುಣೀತಿಯಂತ. ನಾಳೆ ನಮ್ಮ ಅಂಗಡ್ಯಾಗೂ ಆಕಿನ್ನ ಕುಣಿಯಾಕ ಕರಿಯೂಣೇನು?”

ನಾನು ಬಗ್ಗಲಿಲ್ಲ. ಎಡಗಾಲು ಮುಂದೆ ಹೋಯಿತು, ಸೊಂಟ ತಿರುಗಿತು, ಮುಷ್ಟಿ ನೇರ ಹೊರಟಿತು. “ಬಾಜೂ ಸರೀ” ಎಂಬ ಕೂಗು ಹೊಟ್ಟೆಯಿಂದ ತಾನಾಗಿ ಬಂತು. ಒಂದೂವರೆ ವರ್ಷದಲ್ಲಿ ನಾನು ಹೊಡೆದ ಅತಿ ಚೊಕ್ಕ ಗುದ್ದು ಅದು. ಅವನ ಎದೆಗೆ ಬಿತ್ತು. ಅವನು ಚೀಟಿ, ಪೆನ್ನು, ಚಪ್ಪಲಿ ಎಲ್ಲ ಬಿಟ್ಟು ಹಿಂದಿನ ಕಾಯಿಯ ರಾಶಿಯಲ್ಲಿ ಅಂಗಾತ ಹೋಗಿ ಬಿದ್ದ.

ಬಿಲ್ಲೆ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಆ ನಿಟ್ಟು ಮೇಲಿನಿಂದ ವಾಲಿ, ಚನ್ನೇಶ ನಿಂತಿದ್ದ ಜಾಗದ ಮೇಲೆ ಧಡಧಡ ಬಿತ್ತು. ಎಂಟು ಚೀಲ. ಒಂದೊಂದೂ ನಲವತ್ತೈದು ಕಿಲೋದ್ದು. ಅವನ ಚಪ್ಪಲಿ ಅಡಿಗೆ ಸಿಕ್ಕವು.

ಪೇಟೆಯೆಲ್ಲ ಸೇರಿತು. ಕೂಗು ಕೇಳಿದವರಿದ್ದರು, ಗುದ್ದು ನೋಡಿದವರಿದ್ದರು, ಚೀಲ ಬಿದ್ದದ್ದನ್ನು ಎಲ್ಲರೂ ನೋಡಿದ್ದರು. ಸಂಜೆ ಸಂಘದ ಖೋಲಿಯಲ್ಲಿ ಕೂಡಿದರು. ನಾನು ಬಿಲ್ಲೆ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದೆ.

“ಗೇಟಿನ ಒಳಗ ಕೈ ಬಿದ್ದೈತಿ,” ಎಂದರು ಅಧ್ಯಕ್ಷರು. “ಚನ್ನೇಶ, ನೀ ಹೇಳು.”

ಚನ್ನೇಶನ ಕಣ್ಣು ಘಾಟಿಗೆ ಇನ್ನೂ ಕೆಂಪಾಗಿದ್ದವು. “ಅವರು ಹೊಡದಿಲ್ಲರಿ ಅಧ್ಯಕ್ಷರ, ದೂಡ್ಯಾರ. ಬಾಜೂ ಸರೀ ಅಂತ ಕೂಗಿ ದೂಡ್ಯಾರ. ನಾ ಅವರಿಗೆ ಬಾಯಿಗೆ ಬಂದಂಗ ಅನ್ನಾಕತ್ತಿದ್ನಿ. ಅದನ್ನೂ ಮನಸಿನ್ಯಾಗ ಇಟಗೊಳ್ಳಲಿಲ್ಲ. ಅವರಿಲ್ಲಂದ್ರ ಇಷ್ಟೊತ್ತಿಗೆ ನೀವೆಲ್ಲ ನಮ್ಮನಿಗೆ ಮಣ್ಣಿಗೆ ಬರ್ತಿದ್ರಿ.”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಾವೇರಿ ಒಳಗೆ ಬಂದು ನನ್ನ ಕಾಲು ಮುಟ್ಟಿದಳು. “ಅಣ್ಣಾರ, ನನ್ನ ಕುಂಕುಮ ಉಳಿಸಿದ್ರಿ,” ಎಂದಳು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಗಿರಿಯಪ್ಪ, ನಿಟ್ಟು ವಾಲಿದ್ದನ್ನ ನೋಡಿ ದೂಡಿದಿ, ಹೌದಿಲ್ಲೋ?”

ಮುಷ್ಟಿಯೊಳಗೆ ಬಿಲ್ಲೆ ಚುಚ್ಚುತ್ತಿತ್ತು. ಹಿಂದಿನಿಂದ ಅಜೀಮ ಸೊಂಟ ಚಿವುಟಿದ. “ಹೂಂ,” ಎಂದೆ.

“ನೋಡ್ರಿ, ಎಷ್ಟು ಸಣ್ಣಗ ಮಾತಾಡ್ತಾನ,” ಎಂದರು ಅಧ್ಯಕ್ಷರು. “ಕರಾಟೆದ ಗುಣ.”

ತಬಸ್ಸುಮಳಿಗೆ ಮಾತ್ರ ನಿಜ ಹೇಳಿದೆ. ಕ್ಲಾಸು ಮುಗಿದು ಮಕ್ಕಳು ಹೋದ ಮೇಲೆ, ಶೆಡ್ಡಿನ ಮೆಟ್ಟಿಲ ಮೇಲೆ ಕೂತು, ಚನ್ನೇಶ ಅಂದ ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

“ನಿಟ್ಟು ವಾಲಿದ್ದು ನೋಡಿರಲಿಲ್ಲ?”

“ಇಲ್ಲವ್ವಾ. ಗುದ್ದಿದ ಮ್ಯಾಲ ನೋಡಿದ್ನಿ.”

ಅವಳು ಎದ್ದು ಶೆಡ್ಡಿಗೆ ಕೀಲಿ ಹಾಕಿ, “ಸಂಘದವರಿಗೆ ಹೇಳೂದು ಬಿಡೂದು ನಿಮಗ ಬಿಟ್ಟದ್ದು ಕಾಕಾ. ಆದ್ರ ಚನ್ನೇಶಗ ಹೇಳ್ರಿ. ಹೊಡೆತ ಯಾವುದು ಅಂತ ಹೊಡಿಸಿಕೊಂಡವರಿಗೆ ಗೊತ್ತಿರಬೇಕು,” ಎಂದಳು.

ಮರುದಿನವೇ ಅವನ ಮನೆಗೆ ಹೋದೆ. ಬಾಯಿ ತೆರೆಯುವುದರೊಳಗೆ ಕಾವೇರಿ ಗಿರ್ಮಿಟ್ಟು ತಂದಿಟ್ಟಳು. ತಿಂದು ಮುಗಿಸುವಷ್ಟರಲ್ಲಿ ಚಹಾ ಬಂತು. ಚಹಾ ಮುಗಿಯುವಷ್ಟರಲ್ಲಿ ಅವನ ತಾಯಿ ಬಂದು ನನ್ನ ದೃಷ್ಟಿ ತೆಗೆದಳು. ದೃಷ್ಟಿ ತೆಗೆಸಿಕೊಂಡವನು ಅದೇ ಜಾಗದಲ್ಲಿ ಕೂತು ಅಂಥ ಮಾತು ಹೇಗೆ ಆಡುವುದು? ಎದ್ದು ಬಂದೆ.

ಅದಾಗಿ ತಿಂಗಳಿಗೆ ಚನ್ನೇಶ ಕರಾಟೆ ಕ್ಲಾಸಿಗೆ ಸೇರಿದ. ಮೊದಲ ದಿನ ಮಕ್ಕಳೆಲ್ಲರ ಮುಂದೆ ತಬಸ್ಸುಮಳಿಗೆ ಬಗ್ಗಿ, “ಮೇಡಂ, ನಾನೂ ಯಾರನ್ನರ ಹಂಗ ಉಳಸೂವಂಗ ಆಗಬೇಕ್ರಿ,” ಎಂದ. ಈಗ ನನ್ನ ಪಕ್ಕದಲ್ಲೇ ನಿಲ್ಲುತ್ತಾನೆ. ನಾನು ಬಗ್ಗಿದಾಗ ಬೇನಜೀರ ಹತ್ತದಂತೆ ಕಾಯುವವನೂ ಅವನೇ. ಓದುವ ಚಟ ಅವನಿಗಿಲ್ಲ, ಮೊಬೈಲಿನಲ್ಲಿ ಕಾಯಿಯ ದರ ನೋಡುವುದಷ್ಟೇ. ಆ ಧೈರ್ಯದಿಂದಲೇ ಇದನ್ನು ಬರೆದಿದ್ದೇನೆ.

ಮೊನ್ನೆಯೂ ಕೇಳಿದ. “ಅಣ್ಣಾರ, ಆವತ್ತಿನ ಆ ದೂಡೂದು ಇನ್ನೊಮ್ಮೆ ತೋರಸ್ರಿ. ನಿಟ್ಟು ವಾಲಿದ್ದು ಕಣ್ಣಿಗೆ ಬಿದ್ದ ಕೂಡ್ಲೆ ಮೊದಲ ಕಾಲು ಹಾಕಿದ್ರೋ, ಸೊಂಟ ತಿರಗಿಸಿದ್ರೋ?”

ಆ ಕಡೆಯ ಸಾಲಿನಲ್ಲಿ ಎಣಿಸುತ್ತಿದ್ದ ತಬಸ್ಸುಮ್ ನಾಲ್ಕಕ್ಕೆ ನಿಂತಳು. ನನ್ನನ್ನೇ ನೋಡಿ, “ಕಾಕಾ, ಅವರಿಗೆ ಪೂರ್ತಿ ಹೇಳಿಕೊಡ್ರಿ,” ಎಂದಳು.

“ಹೇಳ್ತೇನಿ ಮೇಡಂ. ಸುಗ್ಗಿ ಮುಗೀಲಿ,” ಎಂದೆ.

ಆ ಗುದ್ದು ಬಿದ್ದಂದಿನಿಂದ ಈಗಾಗಲೇ ಎರಡು ಸುಗ್ಗಿ ಮುಗಿದಿವೆ. ಚನ್ನೇಶನಿಗೆ ನಾನು ಹೇಳಬೇಕಾದ ಆ ಒಂದು ಮಾತು ನನ್ನ ಹತ್ತಿರವೇ ಉಳಿದಿದೆ.