ಸಾಹೇಬರಿಗೆ ಚಹಾ

ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಧಾರವಾಡದಿಂದ ದೂರದ ಮಹಾನಗರದ ಆಂಟಾಪ್ ಹಿಲ್‌ಗೆ ಬಂದ ವರ್ಷ, ಯಜಮಾನರ ಆಫೀಸಿನ ಸಾಹೇಬರು ನಮ್ಮ ಖೋಲಿಗೆ ಚಹಾಕ್ಕೆ ಬಂದರು. ಅವರ ಮುಂದೆ ಹೇಳಲೆಂದು ಯಜಮಾನರು ನನಗೆ ‘ಐ ರಿಕ್ವೆಸ್ಟ್ ಯೂ ಕೈಂಡ್ಲಿ ಟು ಟೇಕ್ ಟೀ’ ಎಂಬ ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸಿದ್ದರು. ಗಾಬರಿಯಲ್ಲಿ ನಾನು, “ಐ ರಿಕ್ವೆಸ್ಟ್ ಯೂ ಟು ಕೈಂಡ್ಲಿ ಟೇಕ್ ಟೀ” ಎಂದುಬಿಟ್ಟೆ.

“‘ಟು ಟೇಕ್’ ನಡುವ ‘ಕೈಂಡ್ಲಿ’ ತುರುಕಬ್ಯಾಡ ಅಂತ ಎಷ್ಟ ಸಲ ಹೇಳೀನಿ!” ಯಜಮಾನರು ಅವರೆದುರೇ ಗದರಿದರು. ಸಾಹೇಬರು ನಕ್ಕರು.

ಊರಿಂದ ಬಂದಿದ್ದ ನನ್ನವ್ವನಿಗೆ ಇಂಗ್ಲಿಷ್ ಬಾರದು. ಅಳಿಯ ಗದರಿದ್ದು ಕೇಳಿ, ಮಗಳು ಏನೋ ಹೊಲಸು ಮಾತಾಡಿದಳೆಂದು ತಿಳಿದು, ಒಲೆ ಬಿಟ್ಟೆದ್ದು ಬಂದು ಸಾಹೇಬರಿಗೆ ಕೈಮುಗಿದಳು. “ಸಣ್ಣಾಕಿ ಅದಾಳ್ರೀ, ತಪ್ಪ ಹೊಟ್ಟ್ಯಾಗ ಹಾಕ್ಕೊಳ್ರಿ.”

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ನಾನು ಅಂದಿದ್ದು ‘ದಯವಿಟ್ಟು ಚಹಾ ತೆಗೆದುಕೊಳ್ಳಿ’ ಎಂದಷ್ಟೇ. ಅದಕ್ಕೆ ಸಾಹೇಬರು ಕೈಯೆತ್ತಿ ಅವ್ವನನ್ನೂ ನನ್ನನ್ನೂ ಕ್ಷಮಿಸಿಬಿಟ್ಟರು.