ಮೀನೆಣ್ಣೆಯ ತೇಗು

ತೇಗಿಗೆ ಸುಳ್ಳು ಹೇಳಲು ಬರುವುದಿಲ್ಲ, ನೋಡಿ. ತಲೆಮಾರುಗಳಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದ ನಾನು, ಸಾಂಬ್ರಾಣಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ರೊಟ್ಟಿ ಪಲ್ಯ ಉಂಡು ಸಾವಕಾಶವಾಗಿ ತೇಗಿದರೆ, ಹೊರಬರುವುದು ಕಾರವಾರದ ಬಂದರಿನ ವಾಸನೆ!

ರಕ್ತದಲ್ಲಿ ಕೊಬ್ಬು ಹೆಚ್ಚಿದೆಯೆಂದು ವೈದ್ಯರು ಬರೆದುಕೊಟ್ಟ ಮೀನೆಣ್ಣೆಯ ಗುಳಿಗೆಯ ಪ್ರತಾಪವಿದು. ಮೊದಲ ದಿನ ಕೊರಳಿನ ಲಿಂಗವನ್ನು ಅಂಗಿಯೊಳಗೆ ಇನ್ನಷ್ಟು ಕೆಳಕ್ಕೆ ಸರಿಸಿ, ಕಣ್ಣು ಮುಚ್ಚಿ ನುಂಗಿದೆ. ಜೀವಶಾಸ್ತ್ರದ ನಿವೃತ್ತ ಮಾಸ್ತರನಿಗೆ ಸಮರ್ಥನೆಗೇನು ಬರ? ಈ ಎಣ್ಣೆ ಯಕೃತ್ತಿನ ಜೀವಕೋಶಗಳನ್ನು ಹೊಕ್ಕು, ಕೊಬ್ಬು ತಯಾರಿಸುವ ಜೀನುಗಳನ್ನು ತಣ್ಣಗಾಗಿಸಿ, ಕೊಬ್ಬು ಉರಿಸುವ ಜೀನುಗಳನ್ನು ಎಬ್ಬಿಸುತ್ತದೆ. ಜೀನುಗಳೇ ತಮ್ಮ ನಡತೆ ಬದಲಿಸುವಾಗ ನಮ್ಮ ಮಡಿ ಯಾವ ಲೆಕ್ಕ ಎಂದು ಹೆಂಡತಿಯೆದುರು ಭಾಷಣ ಬಿಗಿದೆ. ಅವಳು ಒಂದೇ ಮಾತು ಕೇಳಿದಳು: "ಹಂಗಾರ ಆವಾಗ ಮೆಹಬೂಬಿ ಅಕ್ಕಾರ ಮನ್ಯಾಗ ಒಂದ್ ತುತ್ತು ತಿಂದಿದ್ರ ಏನಾಗ್ತಿತ್ತರಿ?"

ನಾನು ದಾಂಡೇಲಿಯಲ್ಲಿ ಕಲಿಸುತ್ತಿದ್ದಾಗ, ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಖಾದರಸಾಬರೂ ಅವರ ಹೆಂಡತಿ ಮೆಹಬೂಬಿಯೂ ನಮ್ಮ ನೆರೆಯವರು. ಪ್ರತಿ ರಂಜಾನ್ ಹಬ್ಬಕ್ಕೂ ಆಕೆ ನನ್ನ ಸಲುವಾಗಿಯೇ ಬೇರೆ ಪಾತ್ರೆ ಇಟ್ಟು ಸುರಕುಂಬಾ ಮಾಡುತ್ತಿದ್ದರು. ಹಾಲು, ಶ್ಯಾವಿಗೆ, ಖರ್ಜೂರ, ಸಕ್ಕರೆ. ಅದರಲ್ಲಿ ನನ್ನ ಕುಲ ಕೆಡಿಸುವಂಥದ್ದು ಒಂದೂ ಇರಲಿಲ್ಲ. ಆದರೂ ಹಬ್ಬ ಯಾವ ವಾರವೇ ಬರಲಿ, "ಇವತ್ತ ನಂದು ಉಪಾಸ ಐತ್ರಿ" ಎಂದು ಕೈಮುಗಿದು, ಬಾಳೆಹಣ್ಣೊಂದನ್ನು ತಿಂದು ಜಾರಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ! ಬಾಯಲ್ಲಿ ಹೇಳಿದ ಉಪವಾಸಗಳನ್ನು ಹೊಟ್ಟೆಯಲ್ಲೂ ಮಾಡಿದ್ದರೆ ಗುಳಿಗೆಯ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ನಿವೃತ್ತನಾದ ಮೇಲೆ ಆ ಕಡೆ ಸುಳಿದಿರಲಿಲ್ಲ. ಮರುದಿನವೇ ದಾಂಡೇಲಿಯ ಬಸ್ಸು ಹತ್ತಿದೆ. ಈ ಸಲ ನಾನೇ ಕೇಳಿ, ಆಕೆಯ ಕೈಯಿಂದ ಹಾಕಿಸಿಕೊಂಡು ಉಣ್ಣಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಬಾಗಿಲು ತೆರೆದ ಖಾದರಸಾಬರು ತುಂಬ ಇಳಿದುಹೋಗಿದ್ದರು. "ಆಕಿ ಹೋಗಿ ಎಂಟು ತಿಂಗಳಾತ್ರಿ, ಮಾಸ್ತರ" ಎಂದರು.

ಅಯ್ಯೋ, ಒಂದು ವರ್ಷ ಮೊದಲೇ ಬರಬಾರದಿತ್ತೇ! ಉಪವಾಸವೆಲ್ಲ ಸುಳ್ಳಾಗಿತ್ತೆಂದು ತೊದಲುತ್ತ ಒಪ್ಪಿಕೊಂಡೆ.

"ಆಕಿಗೆ ಗೊತ್ತಿತ್ರಿ" ಎಂದರು ಅವರು, ಕುರ್ಚಿ ಎಳೆದು ಕೊಡುತ್ತ. "ಗೊತ್ತಿದ್ದೂ ಯಾಕ ಮಾಡ್ತಿ ಅಂತ ನಾನ ಬೈತಿದ್ದೆ. 'ಒಂದ್ ವರ್ಷ ಮಾಸ್ತರ ಹೂಂ ಅಂದಬಿಟ್ರ, ಅವತ್ತ ಮನ್ಯಾಗ ಏನೂ ಇಲ್ಲ ಅಂದ್ರ ಹೆಂಗ?' ಅಂತಿದ್ಲು."