ನಿಲ್ಲದ ಪೊರಕೆ

ನನ್ನ ಗಂಡನ ಅಂಗಡಿ ಮುಚ್ಚಿಸಿದವಳು ನಾನು. ಅವರ ಕಿವಿಯಲ್ಲ, ಅವರ ಕೈಯೂ ಅಲ್ಲ — ನಾನು. ಮಧುಗಿರಿಯಲ್ಲಿ ಅವರನ್ನು ಬಲ್ಲವರು ಇಷ್ಟು ವರ್ಷ ಬೇರೆಯದನ್ನೇ ನಂಬಿದ್ದಾರೆ. ಅವರೂ ಬೇರೆಯದನ್ನೇ ನಂಬಿಕೊಂಡು ಹೋದರು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆ ಖಾಲಿಯಾಗಿದೆ. ಈಗ ಬರೆಯುತ್ತಿದ್ದೇನೆ. ಈಗ ಬರೆದು ಏನು — ಆದರೂ ಬರೆಯುತ್ತಿದ್ದೇನೆ.

ನಮ್ಮ ಯಜಮಾನರ ಹೆಸರು ಶಿವಣ್ಣ. ಪಾವಗಡದ ರಸ್ತೆಗೆ ಮುಖ ಮಾಡಿದ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ರೇಡಿಯೋ ರಿಪೇರಿಯಿಂದ ಶುರುವಾದದ್ದು, ಎಂಬತ್ತರ ದಶಕದಲ್ಲಿ ಕಾರು, ವ್ಯಾನುಗಳಿಗೆ ಟೇಪ್ ರೆಕಾರ್ಡರ್ ಕೂರಿಸುವ ಕೆಲಸವಾಯಿತು. ಆಂಪ್ಲಿಫೈಯರ್ ಅವರೇ ಕಟ್ಟುತ್ತಿದ್ದರು. ಹಿಂದಿನ ಸೀಟಿನ ಕೆಳಗೆ ಮರದ ಡಬ್ಬ ಇಟ್ಟು ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್ ಕೂರಿಸುತ್ತಿದ್ದರು. ಈಗ ಅದಕ್ಕೆ ಸಬ್ ವೂಫರ್ ಅನ್ನುತ್ತಾರಂತೆ. ನಾವು ಬೇಸ್ ಡಬ್ಬ ಅನ್ನುತ್ತಿದ್ದೆವು. ತಮಟೆಯ ಏಟು ಬಿದ್ದರೆ ಕೂತವರ ಬೆನ್ನಿಗೆ ಯಾರೋ ಗುದ್ದಿದ ಹಾಗಾಗಬೇಕು. ಶಿರಾ, ಕೊರಟಗೆರೆಯಿಂದಲೂ ಗಾಡಿಗಳು ಬರುತ್ತಿದ್ದವು. ಅಳೆಯಲು ಯಂತ್ರವಿರಲಿಲ್ಲ. ಎಲ್ಲ ಕಿವಿಯ ಮೇಲೆಯೇ. "ಕಾನ್ ಅಂದ್ರೆ ನಿಂದೇ ನೋಡು ಭಾಯ್" ಎಂದು ಶಿರಾದ ಟ್ಯಾಕ್ಸಿ ಸಾಬರೊಬ್ಬರು ಪ್ರತಿ ಸಲವೂ ಹೇಳಿ ಹೋಗುತ್ತಿದ್ದರು.

ಆ ಕಿವಿ ನನ್ನದು.

ಎಪ್ಪತ್ತರ ದಶಕದಲ್ಲಿ ಅವರು ಸೌಂಡ್ ಸೆಟ್ಟಿನವರ ಜೊತೆ ಮದುವೆ, ಚುನಾವಣೆ ಅಂತ ಊರೂರು ಸುತ್ತಿದವರು. ಹಾರ್ನ್ ಕಟ್ಟಿದ ಮರದ ಕೆಳಗೇ ಕೂತು, ಅಲ್ಲೇ ಉಂಡು, ಅಲ್ಲೇ ಮಲಗಿದವರು. ಆ ಸದ್ದು ಅವರ ಕಿವಿಯನ್ನು ಒಳಗೊಳಗೇ ತಿನ್ನುತ್ತಾ ಬಂದಿತ್ತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಗುಬ್ಬಚ್ಚಿ, ನನ್ನ ಬಳೆ, ಬಾಗಿಲ ಚಿಲಕ. ದಪ್ಪ ಸದ್ದಿಗೆ ತೊಂದರೆಯಿರಲಿಲ್ಲ, ಎದುರು ನಿಂತವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಡಬ್ಬದ ಮೇಲೆ ಅಂಗೈ ಇಟ್ಟರೆ ಅವರಿಗೆ ಎಲ್ಲ ತಿಳಿಯುತ್ತಿತ್ತು. ಆದರೆ ಆಂಪ್ಲಿಫೈಯರಿನ ತಿರುಪನ್ನು ಏರಿಸುತ್ತಾ ಹೋದರೆ ಒಂದು ಕಡೆ ದನಿ ಸೀಳುತ್ತದೆ, ಹೊಸ ಬಟ್ಟೆಯನ್ನು ಸರ್ರನೆ ಹರಿದ ಹಾಗೆ. ಅಲ್ಲಿಂದ ಒಂದಿಷ್ಟು ಹಿಂದಕ್ಕೆ ತಿರುಗಿಸಿ ಬಿಡಬೇಕು, ಆಮೇಲೆ ಗಿರಾಕಿ ಟೇಪಿನ ದನಿ ಎಷ್ಟು ಏರಿಸಿದರೂ ಸೀಳುವುದಿಲ್ಲ. ಸೀಳಿದಲ್ಲೇ ಬಿಟ್ಟರೆ ಸ್ಪೀಕರಿನ ಒಳಗಿನ ತಂತಿ ಸುತ್ತು ಕಾದು ಸುಟ್ಟುಹೋಗುತ್ತದೆ. ಆ ಸೀಳು ಅವರಿಗೆ ಕೇಳುತ್ತಿರಲಿಲ್ಲ.

ಗಿರಾಕಿಗಳ ಮುಂದೆ ನನ್ನನ್ನು ಕೇಳುವ ಹಾಗಿರಲಿಲ್ಲ. ಅದಕ್ಕೆ ನಾವು ಒಂದು ಉಪಾಯ ಮಾಡಿಕೊಂಡಿದ್ದೆವು. ಗಾಡಿ ಅಂಗಳದಲ್ಲಿ ನಿಂತು ಕ್ಯಾಸೆಟ್ ಹಾಡಲು ಶುರುವಾದರೆ ನಾನು ಪೊರಕೆ ಹಿಡಿದು ಗುಡಿಸುತ್ತಾ ಬರಬೇಕು. ಅವರು ತಿರುಪು ಏರಿಸುತ್ತಾ ಹೋಗಬೇಕು. ದನಿ ಸೀಳಿದ ಕೂಡಲೇ ನನ್ನ ಪೊರಕೆ ನಿಲ್ಲಬೇಕು. ಅವರು ಓರೆಗಣ್ಣಿನಲ್ಲಿ ನೋಡಿ ತಿರುಪನ್ನು ಹಿಂದಕ್ಕೆ ತರುತ್ತಿದ್ದರು. ಗುಡಿಸುವ ಹೆಂಗಸಿನ ಕಡೆ ಯಾರು ನೋಡುತ್ತಾರೆ? "ನಿಮ್ಮನೆ ಅಂಗಳ ಏನ್ ಚೊಕ್ಕ ಕಣಮ್ಮ ಜಯಮ್ಮ, ಹೊತ್ತಾರೆಯಿಂದ ಬೈಗಿನ್ ತಂಕ ಗುಡಿಸ್ತಾನೇ ಇರ್ತೀಯಲ್ಲ" ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಿದ್ದರು. ಅದನ್ನು ಹೇಳಿಕೊಂಡು ನಾವಿಬ್ಬರೂ ನಕ್ಕದ್ದೂ ಉಂಟು. ಆ ನಗು ನಮ್ಮ ಸಂಸಾರದ ಒಳ್ಳೆಯ ಭಾಗವಾಗಿತ್ತು. ಅದನ್ನೂ ಇಲ್ಲಿ ಬರೆದಿಡಬೇಕು.

ವೈ.ಎನ್.ಹೊಸಕೋಟೆಯ ನರಸಿಂಹಪ್ಪ ಎನ್ನುವವರು ಮಧುಗಿರಿಯಿಂದ ಪಾವಗಡಕ್ಕೆ ಮೆಟಡೋರ್ ವ್ಯಾನ್ ಓಡಿಸುತ್ತಿದ್ದರು. ಆ ದಾರಿಯಲ್ಲಿ ಯಾರ ಗಾಡಿಯಲ್ಲೂ ಇಲ್ಲದಂಥ ಸೆಟ್ಟು ತಮಗೆ ಬೇಕು ಎಂದು ಬಂದರು. ಕೆಲಸ ಅರ್ಧವಾಗಿತ್ತು. ನಾನು ಕಾಫಿ ತಂದುಕೊಟ್ಟೆ. ಕ್ಯಾಸೆಟ್ ಹಾಡುತ್ತಿತ್ತು. ಎಡಗಡೆಯ ಸ್ಪೀಕರ್ ಗೊಗ್ಗರಾಗಿತ್ತು. ಏನಾಯಿತೋ — ಬಾಯಿ ತಡೆಯಲಿಲ್ಲ.

"ಎಡಗಡೇದು ಗೊಗ್ಗರು ಹೊಡೀತೈತೆ ಕಣ್ರೀ" ಎಂದೆ.

ನರಸಿಂಹಪ್ಪ ಜೋರಾಗಿ ನಕ್ಕರು. "ಏಮಯ್ಯಾ ಶಿವಣ್ಣಾ, ಮನೇಲಿ ಮೇಸ್ತ್ರಿ ಯಾರು? ನೀನಾ, ಅಮ್ಮನವ್ರಾ?"

ಯಜಮಾನರ ಮುಖ ಕಪ್ಪಾಯಿತು. ನನ್ನ ಕಡೆ ನೋಡಲಿಲ್ಲ. "ಪೊರಕೆ ಹಿಡಿಯೋಳಿಗೆ ಇದೆಲ್ಲ ಏನ್ ಗೊತ್ತು ಬುಡಿ ಸ್ವಾಮಿ. ಹೋಗೇ ಒಳಕ್ಕೆ."

ನರಸಿಂಹಪ್ಪ ಮತ್ತೆ ನಕ್ಕರು. ಯಜಮಾನರೂ ನಕ್ಕರು.

ಅವರು ಯಾಕೆ ಹಾಗೆ ಅಂದರು ಎಂದು ನನಗೆ ಅವತ್ತೇ ಗೊತ್ತಿತ್ತು. ಗುಟ್ಟು ಬಯಲಾಗುತ್ತದೆಂಬ ಭಯ. ಅದು ತಿಳಿಯದಷ್ಟು ದಡ್ಡಿ ನಾನಲ್ಲ. ತಿಳಿದೂ — ಪೊರಕೆ ಅನ್ನುವ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಬೇರೆ ಏನಾದರೂ ಅಂದಿದ್ದರೆ ಸಹಿಸುತ್ತಿದ್ದೆನೇನೋ. ನಮ್ಮಿಬ್ಬರ ನಡುವಿನ ಗುಟ್ಟನ್ನೇ ಎತ್ತಿ ನನ್ನ ಮುಖಕ್ಕೆ ಎಸೆದ ಹಾಗಾಯಿತು.

ಎರಡು ದಿನ ಬಿಟ್ಟು ವ್ಯಾನ್ ಮುಗಿಯಿತು. ನರಸಿಂಹಪ್ಪ ನಿಂಬೆಹಣ್ಣು, ಹೂವು ತರಲು ಪೇಟೆಗೆ ಹೋಗಿದ್ದರು. ಯಜಮಾನರು ಕ್ಯಾಸೆಟ್ ಹಾಕಿ ನನ್ನ ಕಡೆ ನೋಡಿದರು. ಗುಡಿಸಲು ಶುರು ಮಾಡಿದೆ. ತಿರುಪು ಏರಿತು. ತಮಟೆ ಚೆನ್ನಾಗಿ ಬರುತ್ತಿತ್ತು. ಇನ್ನೂ ಏರಿತು. ಸೀಳಿತು.

ನಾನು ಗುಡಿಸುತ್ತಲೇ ಇದ್ದೆ.

ಅವರು ನೋಡಿದರು. ಪೊರಕೆ ಆಡುತ್ತಿತ್ತು. ಇನ್ನಷ್ಟು ತಿರುಗಿಸಿದರು. ದನಿ ಪರಪರ ಹರಿಯುತ್ತಿತ್ತು. ನನ್ನ ಹಲ್ಲು ಜುಂ ಎನ್ನುತ್ತಿತ್ತು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ. ಅವರ ಮುಖ ಅರಳಿತು. ತಾವು ಕಟ್ಟಿದ ಆಂಪ್ಲಿಫೈಯರ್ ಇಷ್ಟು ತಾಳಿದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ. ನನ್ನ ಹತ್ತಿರ ಬಂದು, ಮಕ್ಕಳ ಹಾಗೆ ಹಿಗ್ಗಿ, "ಈ ಸಲ ಬೋರ್ಡು ಎಂಗ್ ಕಟ್ಟಿದೀನಿ ನೋಡ್ದೇನೇ!" ಎಂದರು.

"ಹೂಂ" ಎಂದೆ. ಅಷ್ಟೇ. ನಾನು ಬಾಯಿಬಿಟ್ಟು ಹೇಳಿದ ಸುಳ್ಳು ಅದೊಂದೇ ಅಕ್ಷರ.

ಒಂದು ಸಲ ಗೊತ್ತಾಗಲಿ, ಪೊರಕೆ ಹಿಡಿಯುವವಳು ಏನು ಅಂತ — ಇಷ್ಟೇ ಮನಸ್ಸಿನಲ್ಲಿದ್ದದ್ದು. ಹೀಗೆ ಬರೆದರೆ ಸಣ್ಣದಾಗಿ ಕಾಣುತ್ತದೆ. ಸಣ್ಣದೇ.

ಹೊಸಕೋಟೆಯಲ್ಲಿ ನನ್ನ ಅಕ್ಕನ ಮನೆ. ಸೆಟ್ಟು ದಾರಿಯಲ್ಲಿ ಹೇಗೆ ಹಾಡುತ್ತದೆಂದು ನೋಡಲು ಯಜಮಾನರು ವ್ಯಾನ್ ಹತ್ತಿದರು, ಅವಳನ್ನು ನೋಡಿಕೊಂಡು ಬರಲೆಂದು ನಾನೂ ಅದರಲ್ಲೇ ಹೊರಟೆ. ದಾರಿಯಲ್ಲಿ ಸಣ್ಣಗೆ ಹಾಡು ಹಾಕಿದ್ದರು. ಮಿಡಿಗೇಶಿಯಲ್ಲಿ ಗಾಡಿ ನಿಂತಿತು. ಅಲ್ಲಿ ಹೇಳಬಹುದಿತ್ತು. ಯಜಮಾನರೇ ಇಳಿದು ನನಗೆ ಕಡಲೆಪುರಿ ತಂದುಕೊಟ್ಟರು. ಆಗಲೂ ಹೇಳಬಹುದಿತ್ತು. ತಿಂದೆ.

ಪಾವಗಡದಲ್ಲಿ ವ್ಯಾನುಗಳು ನಿಲ್ಲುವ ಜಾಗದಲ್ಲಿ ಬೇರೆ ಗಾಡಿಗಳ ಡ್ರೈವರುಗಳೆಲ್ಲ ಸೇರಿದ್ದರು. ನರಸಿಂಹಪ್ಪ ಬಾಗಿಲುಗಳನ್ನು ತೆರೆದಿಟ್ಟು ದನಿ ಪೂರ್ತಿ ಏರಿಸಿದರು. ಮೊದಲು ಎಲ್ಲರೂ ತಲೆದೂಗಿದರು. ಆಮೇಲೆ ತಮಟೆ ಹರಿಯತೊಡಗಿತು. ಆಮೇಲೆ ಹಿಂದಿನ ಸೀಟಿನ ಕೆಳಗಿಂದ ಹೊಗೆ ಎದ್ದಿತು, ಸುಟ್ಟ ಅರಗಿನಂಥ ವಾಸನೆ ಬಂತು. ಆಮೇಲೆ ಏನೂ ಇಲ್ಲ.

"ಅಯ್ಯೋ ದೇವುಡಾ! ಶಿವಣ್ಣಾ, ನನ್ ಮರ್ಯಾದೆ ಸುಟ್ಟಾಕ್ಬುಟ್ಟೆಯಲ್ಲಯ್ಯಾ!"

ಯಜಮಾನರು ಆಗಲೇ ಮಂಡಿಯೂರಿ ಸೀಟಿನ ಕೆಳಗೆ ತಲೆ ಹಾಕಿದ್ದರು. ತಿರುಗಲಿಲ್ಲ. ನರಸಿಂಹಪ್ಪ ಇನ್ನೊಮ್ಮೆ ಕೂಗಿದರು. ತಿರುಗಲಿಲ್ಲ. ಒಬ್ಬ ಡ್ರೈವರ್ ಮೆಲ್ಲಗೆ ಅವರ ಹಿಂದೆ ಹೋಗಿ, ಕಿವಿಯ ಪಕ್ಕದಲ್ಲೇ ಬೀಗದ ಕೈ ಗೊಂಚಲನ್ನು ಗಲಗಲ ಆಡಿಸಿದ. ಮತ್ತೆ ಆಡಿಸಿದ. ಅವರು ತಮ್ಮ ಪಾಡಿಗೆ ತಂತಿ ಬಿಚ್ಚುತ್ತಿದ್ದರು.

"ಲೇ, ಇವ್ನಿಗೆ ಕಿವೀನೇ ಕೇಳ್ಸಲ್ಲ ಕಣ್ಲಾ! ಕಿವುಡನ ಕೈಲಿ ಸೆಟ್ಟು ಮಾಡ್ಸವ್ರೆ!"

ಎಲ್ಲರೂ ನಕ್ಕರು. ದಪ್ಪ ನಗು, ಅದು ಅವರಿಗೆ ಕೇಳಿಸಿತು. ಎದ್ದು ತಿರುಗಿದರು. ಎಲ್ಲರೂ ನಗುವುದನ್ನು ಕಂಡು, ಏನೋ ತಮಾಷೆಯಿರಬೇಕೆಂದು ತಾವೂ ಸ್ವಲ್ಪ ನಕ್ಕು "ಏನ್ರಪ್ಪಾ?" ಎಂದು ಕೇಳಿದರು.

ಆ ನಗುವನ್ನು ನಾನು ನೋಡಿದ್ದೇನೆ. ಇಷ್ಟು ವರ್ಷ ನೋಡುತ್ತಲೇ ಇದ್ದೇನೆ. ಆಮೇಲೆ ಅವರ ಕಣ್ಣು ನನ್ನನ್ನು ಹುಡುಕಿತು. ನಾನು ಮಡಿಲಲ್ಲಿದ್ದ ಗಂಟಿನ ಕಡೆ ನೋಡುತ್ತಾ ಕುಳಿತೆ.

ಸುದ್ದಿಗೆ ವ್ಯಾನು ಬೇಕಾಗಲಿಲ್ಲ, ತಾನೇ ಓಡಿತು. ಗಾಡಿಗಳು ಬರುವುದು ನಿಂತಿತು. ಆದರೆ ಅವರ ಯೋಚನೆಯೇ ಬೇರೆ. ಪೊರಕೆ ನಿಲ್ಲಲಿಲ್ಲ, ಹಾಗಾದರೆ ನನಗೂ ಸೀಳು ಕೇಳಲಿಲ್ಲ, ಹಾಗಾದರೆ ನನ್ನ ಕಿವಿಗೂ ಅದೇ ರೋಗ ತಗುಲಿದೆ — ಹೀಗೆ ಲೆಕ್ಕ ಹಾಕಿದ್ದರು. ನಾನು ಬೇಡವೆಂದರೂ ತುಮಕೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ತಮಗೆ ತೋರಿಸಿಕೊಳ್ಳಲಿಲ್ಲ, ನನಗೆ ತೋರಿಸಿದರು. ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಉಕ್ಕಿನ ಕವಲುಕಡ್ಡಿ ಮಿಡಿದರು. ಕೇಳಿಸಿದಾಗ ಕೈ ಎತ್ತಬೇಕಿತ್ತು. ಇಲ್ಲೂ ಸುಳ್ಳು ಹೇಳಲೇ ಎಂದು ಒಂದು ಗಳಿಗೆ ಯೋಚಿಸಿದೆ. ಎದುರಿಗೆ ಕೂತು ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಪೊರಕೆ ನೋಡುತ್ತಿದ್ದ ಹಾಗೆಯೇ. ಎತ್ತಿದೆ.

"ನಿಮ್ಮ ಮನೆಯವರ ಕಿವಿ ಚೆನ್ನಾಗಿದೆ" ಎಂದು ಡಾಕ್ಟರು ಅವರಿಗೆ ಕೂಗಿ ಹೇಳಿದರು. ಅವರು ಕೈಮುಗಿದರು.

ಬಸ್ಸು ಕೊರಟಗೆರೆ ದಾಟಿದ ಮೇಲೆ ಅವರು ಬಾಯಿಬಿಟ್ಟರು. ಕೇಳದವರು ಮಾತಾಡುವ ಹಾಗೆ ಜೋರಾಗಿ. "ಸದ್ಯ ಕಣೇ. ಒಬ್ಬರಿಗಾದ್ರೂ ಕೇಳ್ತೈತೆ. ನೀನು ಗುಡಿಸಾದ್ ಮ್ಯಾಕೆ ನಾನೇ ಎಲ್ಲೋ ತಿರುಪಿಗೆ ಕೈ ತಾಗಿಸ್ಬುಟ್ಟಿರ್ತೀನಿ." ಟಿಕೆಟ್ಟನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಅವತ್ತು ಆವಯ್ಯನ ಮುಂದೆ ನಿಂಗೆ ಅಂಗಂದ್ಬುಟ್ಟೆ. ತಪ್ಪಾಯ್ತು" ಎಂದರು.

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೂ ಮಾತು ತುಟಿಯವರೆಗೆ ಬಂತು. ಆದರೆ ಅವರಿಗೆ ಕೇಳಬೇಕಾದರೆ ನಾನೂ ಅಷ್ಟೇ ಜೋರಾಗಿ ಹೇಳಬೇಕಿತ್ತು, ಇಡೀ ಬಸ್ಸಿಗೆ ಕೇಳುವ ಹಾಗೆ. ಕಿಟಕಿಯ ಕಡೆ ಮುಖ ತಿರುಗಿಸಿದೆ.

ಅಂಗಡಿ ಮುಚ್ಚಿತು. ಅವರು ಕಡಲೆಕಾಯಿ ಬಿಡಿಸುವ ಮಿಲ್ಲಿಗೆ ಕೆಲಸಕ್ಕೆ ಸೇರಿದರು. ಆ ಯಂತ್ರದ ಸದ್ದು ಉಳಿದದ್ದನ್ನೂ ತಿಂದುಹಾಕಿತು. ಬೇರೆ ಕೆಲಸ ನೋಡಿ ಎಂದು ಕೈಸನ್ನೆ ಮಾಡಿದರೆ, "ಅಲ್ಲಿ ಯಾರಿಗೂ ಏನೂ ಕೇಳ್ಸಲ್ಲ ಕಣೇ. ಯಾರೂ ನಗಲ್ಲ" ಎನ್ನುತ್ತಿದ್ದರು. ಕಡೆಯ ವರ್ಷಗಳಲ್ಲಿ ತಮಟೆಯೂ ಅವರಿಗೆ ಕೇಳುತ್ತಿರಲಿಲ್ಲ.

ಕೇಳದವರಿಗೆ ಹೇಗೆ ಹೇಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕಾಲ ಕಳೆದೆ. ಅದೂ ಸುಳ್ಳೇ. ಅವರು ಓದಬಲ್ಲವರು, ದಿನಾ ಪೇಪರ್ ಓದುತ್ತಿದ್ದರು. ನಾನು ಏಳನೆಯ ತರಗತಿ ಪಾಸಾದವಳು. ಒಂದು ಸಾಲು ಬರೆದು ಮುಂದೆ ಹಿಡಿದಿದ್ದರೆ ಸಾಕಿತ್ತು. ಇವತ್ತು ಇಷ್ಟುದ್ದ ಬರೆಯುತ್ತಿದ್ದೇನೆ.

ತಿಥಿಯ ದಿನ ನರಸಿಂಹಪ್ಪ ಬಂದಿದ್ದರು. ಮುದುಕರಾಗಿದ್ದಾರೆ, ಕೋಲು ಹಿಡಿದಿದ್ದಾರೆ. "ಒಳ್ಳೆ ಕೆಲಸಗಾರ ಕಣಮ್ಮ. ಪಾಪ, ಅವತ್ತು ಕಿವಿ ಕೈಕೊಟ್ಬುಡ್ತು" ಎಂದರು. ನಾನು ತಲೆಯಾಡಿಸಿದೆ. ಯಜಮಾನರ ಫೋಟೋದ ಮುಂದೆ ನಿಂತು, ಊದುಬತ್ತಿಯ ಹೊಗೆಯಲ್ಲಿ ತಲೆಯಾಡಿಸಿದೆ.

ಹೊಸಕೋಟೆಗೆ ಹೋಗಿ ನರಸಿಂಹಪ್ಪನವರಿಗೆ ಹೇಳಿ ಬರುತ್ತೇನೆ. ಕೇಳಬೇಕಾದವರು ಅವರಲ್ಲ. ಆದರೂ ಹೇಳುತ್ತೇನೆ, ಜೋರಾಗಿ.

ಬೆಳಿಗ್ಗೆ ಅಂಗಳ ಗುಡಿಸುವಾಗ ಒಂದೊಂದು ದಿನ ಪಾವಗಡದ ರಸ್ತೆಯಲ್ಲಿ ಯಾವುದೋ ಗಾಡಿ ಹಾಡು ಹಾಕಿಕೊಂಡು ಹೋಗುತ್ತದೆ. ದನಿ ಸೀಳುತ್ತಿರುತ್ತದೆ. ನನ್ನ ಪೊರಕೆ ತಾನಾಗಿಯೇ ನಿಲ್ಲುತ್ತದೆ. ತಲೆಯೆತ್ತಿ ಅಂಗಡಿಯ ಬಾಗಿಲ ಕಡೆ ನೋಡುತ್ತೇನೆ.